ಧೂಪದ ಬಟ್ಟಲಿನ ಬೂದಿ

ಕ್ಯೋಟೋ
ಜೂನ್ ೧೯

ಕಾನಾಯೆ ಅಕ್ಕಾ,

ಮಳೆ ಹಿಡಿದಿದೆ. ಕಾಗದದಲ್ಲಿ ಮೊದಲು ಹವೆಯ ಸುದ್ದಿ ಬರೆಯಬೇಕು ಅಂತ ಅಜ್ಜಿ ಕಲಿಸಿದ್ದಾಳೆ; ಬರೆದಾಯಿತು. ನಿನ್ನ ಕ್ಷೇಮ ಮಾತ್ರ ಕೇಳುವುದಿಲ್ಲ.

ನೀನು ನಗೋಯಾದಿಂದ ಬಂದು ಎರಡು ದಿನ ಇದ್ದು ಹೋದೆ. ನಾನು ಗೆಳೆಯನ ಬೈಕು ರಿಪೇರಿಗೆಂದು ಪರವೂರಿನಲ್ಲಿದ್ದೆ. ಬಂದು ನೋಡಿದರೆ ಅಜ್ಜಿಯ ಧೂಪದ ಬಟ್ಟಲನ್ನು ಉಪ್ಪಿನಕಾಯಿ ಬಟ್ಟಲಿನ ಹಾಗೆ ತೊಳೆದು ಬೋರಲು ಹಾಕಿದ್ದೀಯ. ಅದರೊಳಗಿದ್ದ ಬೂದಿ ಹಿತ್ತಲ ಗಿಡದ ಬುಡದಲ್ಲಿ ಮಳೆಗೆ ಗಂಜಿಯಾಗಿದೆ. ಪಕ್ಕದ ಮನೆಯ ಓಕಿನೊ ಅತ್ತೆ ಬೇಲಿ ಆಚೆಯಿಂದ, "ನಿಮ್ಮಕ್ಕಾನೇ ಕಣೋ ಸುರಿದಿದ್ದು. ನಾಯಿಗೆ ಅನ್ನ ಹಾಕೋರೂ ಇನ್ನೊಂಚೂರು ಮರ್ಯಾದೆಯಿಂದ ಹಾಕ್ತಾರೆ!" ಅಂದಳು.

ಕಸವೇನೇ ಅದು? ಅಜ್ಜಿಯ ಅಮ್ಮ ಜರಡಿ ಹಿಡಿದ ಬೂದಿ. ಹಳೇ ಮನೆಗೆ ಬೆಂಕಿ ಬಿದ್ದಾಗ ಅಜ್ಜಿ ಕಿಮೋನೋ ಪೆಟ್ಟಿಗೆ ಬಿಟ್ಟು ಇದನ್ನು ಎತ್ತಿಕೊಂಡು ಓಡಿದವಳು. ಈ ತಿಂಗಳಲ್ಲಿ ದಿನಾ ಒಂದು ಕೆಂಡ ಹೂತಿಡದಿದ್ದರೆ ತೇವ ಹಿಡಿಯುತ್ತದೆ. ಹಸಿ ಬೂದಿಯಲ್ಲಿ ಕೆಂಡ ಉಸಿರುಕಟ್ಟಿ ಸಾಯುತ್ತದೆ. ಕೆಂಡವನ್ನು ತೀರಾ ಮೇಲೆ ಹೂತರೆ ಬೂದಿಯ ಮೇಲಿಟ್ಟ ಅಗರು ಮರದ ಚೂರು ಸುಟ್ಟು ಹೊಗೆ ಏಳುತ್ತದೆ. ಹೊಗೆ ಎದ್ದರೆ ಮಾನ ಹೋಯಿತು. ಅಗರು ಸುಡಬಾರದು, ಬಿಸಿಗೆ ಬೆವರಬೇಕು ಅಷ್ಟೆ.

ಅಜ್ಜಿಯ ಕೈ ನಡುಗಲು ಶುರುವಾದ ಮೇಲೆ ಕೆಂಡ ಹೂಳುವವನು ನಾನು, ಬೂದಿಯನ್ನು ಗುಡ್ಡದ ಹಾಗೆ ಒತ್ತಿ, ನೆತ್ತಿಗೆ ತೂತು ಮಾಡಿ, ಅಗರಿನ ಅಡಿಗೆ ಅಭ್ರಕದ ಬಿಲ್ಲೆ ಇಡುವವನು ನಾನು. ಮೊದಲ ದಿನ ಬಟ್ಟಲಿಗೆ ಮೂಗು ತುರುಕಿದಾಗ, "ಮೂಸೋದು ನಾಯಿ ಕೆಲಸ. ನೀನು ಸುಮ್ನೆ ಕೂತು ಪರಿಮಳಾನ ಕೇಳೋ, ಮಂಗ," ಅಂದಿದ್ದಳು. ಹೈಸ್ಕೂಲಿಗೆ ಒಂದೇ ವರ್ಷ ಹೋಗಿ ಬಿಟ್ಟವನು, ಕುಂಡೆ ಊರಿ ಕೂರಲಾರದವನು ಅಂತ ನೀನು ಗಂಡನ ಮುಂದೆ ಆಡಿಕೊಳ್ಳುತ್ತೀಯಲ್ಲ, ನಾನು ಕೂರುತ್ತಿದ್ದದ್ದು ಅದೊಂದರ ಮುಂದೆ.

ಅಜ್ಜಿಗಂತೂ ಸಿಟ್ಟೇ ಇಲ್ಲ. "ಬೂದಿ ತಾನೇ, ಬಿಡೋ" ಅನ್ನುತ್ತಾಳೆ. ಅದಕ್ಕೆ ನನಗೆ ಇನ್ನಷ್ಟು ಉರಿಯುತ್ತದೆ. ಆಗಸ್ಟಿನಲ್ಲಿ ಹಿರಿಯರ ಹಬ್ಬಕ್ಕೆ ಬರಬೇಡ. ಬಂದರೂ ಬಾಗಿಲು ತೆಗೆಯುವುದಿಲ್ಲ.

ಇನ್ನೂ ನಿನ್ನ ತಮ್ಮನೇ ಆಗಿರುವ
ತೈಚಿ

ತಾ. ಕ.: ಅಂಚೆಚೀಟಿ ಹುಡುಕುತ್ತಿದ್ದಾಗ ಅಜ್ಜಿ ಬಂದು ಪಕ್ಕದಲ್ಲಿ ಕೂತಳು. "ಅವಳನ್ನ ಬೈಬೇಡ. ಚೆಲ್ಲು ಅಂತ ನಾನೇ ಹೇಳಿದ್ದು. ಅಳ್ತಾ ಅಳ್ತಾ ಚೆಲ್ಲಿದ್ಲು," ಅಂದಳು. ಹಡಗಿನಲ್ಲಿ ಸಿಕ್ಕ ಕೆಲಸವನ್ನು ನಾನು ಬೇಡ ಅಂದದ್ದು ಅವಳಿಗೆ ಗೊತ್ತಾಗಿದೆ. "ಮನೇಲಿ ದಿನಾ ಕೆಂಡ ಹೂಳ್ಬೇಕು, ಬರಕ್ಕಾಗಲ್ಲ ಅಂದ್ಯಂತೆ. ಬೂದಿ ಕಾಯೋಕೆ ನಾನು ಮೊಮ್ಮಗನ್ನ ಸಾಕಿದ್ನೇನೋ?"

ಬೈಕಿನ ಮಾತು ಸುಳ್ಳು. ಆ ಹಡಗು ಬಂದರು ಬಿಡುವುದನ್ನು ನೋಡಲು ಮೈಝುರುಗೆ ಹೋಗಿದ್ದೆ.

ಚಳಿಗಾಲಕ್ಕೆ ಮುಂಚೆ ಅದು ವಾಪಸ್ ಬರುತ್ತದೆ. ನಾನು ಅದನ್ನು ಹತ್ತಿ ಹೋದ ಮೇಲೆ ಅಜ್ಜಿ ನಿನ್ನ ಮನೆಯಲ್ಲಿ ಇರುತ್ತಾಳಂತೆ. ಅದನ್ನೂ ನನ್ನನ್ನು ಬಿಟ್ಟು ನೀವಿಬ್ಬರೇ ಮಾತಾಡಿಕೊಂಡಿದ್ದೀರಿ. ನನ್ನ ಸಿಟ್ಟು ಇಳಿದಿಲ್ಲ. ಗಿಡದ ಬುಡದಿಂದ ಒಂದು ಹಿಡಿ ಬೂದಿ ಬಳಿದು, ತೊಳೆದು, ಒಲೆ ಹತ್ತಿರ ಒಣಗಲು ಇಟ್ಟಿದ್ದೇನೆ. ಹಬ್ಬಕ್ಕೆ ಬಾ. ಕೆಂಡ ಹೂಳುವುದನ್ನು ಕಲಿ. ಹೊಗೆ ಎದ್ದರೆ ಬೈಯುತ್ತೇನೆ.