ಯಾವ ಆಕಾರದಲ್ಲಿದ್ದರೂ

ಅಪ್ಪ, ನಮಸ್ಕಾರ.

ಜಗಳವಾಡಿ ನಿಮ್ಮ ವರ್ಕ್‌ಶಾಪ್ ಬಿಟ್ಟು ಬಂದು ಎರಡು ವರ್ಷವಾಯಿತು. ಇದು ಆ ಜಗಳದ ಮುಂದುವರಿಕೆಯಲ್ಲ.

ಒಂದು ಜೊತೆ ಊರುಗೋಲು ಕಳಿಸಿದ್ದೇನೆ. ಗಾಳಿ ತುಂಬಿದ ರಬ್ಬರ್ ತುದಿ ನೀವು ಕಂಡುಹಿಡಿದದ್ದೇ. ನಾನು ಅದನ್ನು ಅಂಗಾಲಿನಂತೆ ಚಪ್ಪಟೆ ಮಾಡಿದೆ, ಅಷ್ಟೆ. ಒದ್ದೆ ನೆಲದ ಮೇಲೂ ಜಾರುವುದಿಲ್ಲ. ಆಸ್ಪತ್ರೆಯವರು ಮುನ್ನೂರು ಜೊತೆ ಕೇಳಿದ್ದಾರೆ. ನಿಮ್ಮ ಪೇಟೆಂಟ್ ಇರುವವರೆಗೆ ನಿಮ್ಮ ಒಪ್ಪಿಗೆಯಿಲ್ಲದೆ ಒಂದನ್ನೂ ಮಾರುವಂತಿಲ್ಲ ಎಂದರು ವಕೀಲರು.

ಆ ಪೇಟೆಂಟ್ ಇಲ್ಲದಿದ್ದರೆ ದೊಡ್ಡ ಕಾರ್ಖಾನೆಯವರು ನಿಮ್ಮ ಕೆಲಸವನ್ನು ನುಂಗಿ ನೀರು ಕುಡಿಯುತ್ತಿದ್ದರು, ಗೊತ್ತು. ನಾನು ಓದಿದ್ದೂ ಅದರಿಂದ ಬಂದ ದುಡ್ಡಿನಲ್ಲೇ. ಅದರ ಅರ್ಜಿಯನ್ನು ನೀವು ಹೇಳುತ್ತ ಹೋದಿರಿ, ಹನ್ನೆರಡು ವರ್ಷದ ನಾನು ದುಂಡಗಿನ ಅಕ್ಷರದಲ್ಲಿ ಬರೆದೆ. "ರಬ್ಬರ್ ಯಾವ ಆಕಾರದಲ್ಲಿದ್ರೂ ನಮ್ದೇ ಅಂತ ಸೇರಿಸ್ಬಿಡೋಣ ಅಪ್ಪ, ಆಗ ಯಾರಿಗೂ ಕದಿಯೋಕಾಗಲ್ಲ" ಅಂದವಳು ನಾನೇ. ನೀವು ಬೆನ್ನು ತಟ್ಟಿದ್ದಿರಿ. ಈಗ ಅದೇ ಸಾಲು ನನಗೆ ಅಡ್ಡ ನಿಂತಿದೆ.

ಒಪ್ಪಿಗೆ ಪತ್ರ ಇದರ ಜೊತೆಗಿದೆ. ಸಹಿಯ ಮಾತು ಆಮೇಲೆ. ಮೊದಲು ಈ ಊರುಗೋಲು ಹಿಡಿದು ಬಚ್ಚಲಿಗೆ ಹೋಗಿಬನ್ನಿ. ಕಳೆದ ತಿಂಗಳು ನೀವು ಜಾರಿದ್ದು ಅಲ್ಲೇ ಎಂದು ಅಮ್ಮ ಹೇಳಿದಳು. ಮನಸ್ಸು ಒಪ್ಪದಿದ್ದರೆ ಪತ್ರ ವಾಪಸ್ ಕಳಿಸಿ. ಊರುಗೋಲು ಮಾತ್ರ ವಾಪಸ್ ಕಳಿಸಬೇಡಿ. ಅದು ಮಾರುವುದಕ್ಕಲ್ಲ, ನಿಮ್ಮ ಎತ್ತರಕ್ಕೆ ಮಾಡಿದ್ದು.

ಇಂತಿ,
ನಿಮ್ಮ ಅರ್ಜಿ ಬರೆದವಳು