ಕೆಸರಿನಿಂದ ಏಳುವ ಸಿಪಾಯಿ

ಸನತ್‌ನಗರ, ಹೈದರಾಬಾದ್

ಹಂಪಮ್ಮಕ್ಕನಿಗೆ ಚಂದ್ರಾಮನ ನಮಸ್ಕಾರಗಳು.

ಹೇಗಿದ್ದೀರಿ? ಹನುಮಂತಣ್ಣನವರ ಮೊಳಕಾಲು ನೋವು ಇಳಿಯಿತೇ? ಮಾನಸಾಳ ಕೆಮ್ಮು ವಾಸಿಯಾಯಿತೇ?

ನಿಮ್ಮ ತಂಗಿಯ ಸಲುವಾಗಿ ಬರೆಯುತ್ತಿದ್ದೇನೆ. ನಮ್ಮ ಹುಲಗೇಶ ಮಿಲಿಟರಿಯಿಂದ ರಜೆಗೆ ಬಂದಾಗಲೆಲ್ಲ ಅವಳ ಮಗ್ಗುಲಲ್ಲಿ ಕೂತು, ಯುದ್ಧದ ಸಿಪಾಯಿಗಳ ಹಳೆಯ ಮೂಕಿ ಸಿನಿಮಾ ಹಚ್ಚುತ್ತಿದ್ದನಲ್ಲ, ನಗೆಯದು. “ಅವ್ವಗ ಕಿವಿ ಕೇಳಂಗಿಲ್ಲ, ಈ ಸಿನಿಮಾಕ್ಕ ಬಾಯಿ ಇಲ್ಲ. ಜೋಡಿ ಭಾಳ ಚಲೋ ಐತಿ ನೋಡ್ರಿ” ಅನ್ನುತ್ತಿದ್ದ. ಅದರಲ್ಲಿ ಗುಂಡು ಸಿಡಿದು ಸಿಪಾಯಿ ಕೆಸರಿಗೆ ಬೀಳುತ್ತಾನೆ, ಟೋಪಿ ಕೊಡವಿಕೊಂಡು ಏಳುತ್ತಾನೆ. ತಾಯಿ ಮಗ ಬಿದ್ದು ಬಿದ್ದು ನಗುತ್ತಿದ್ದರು.

ಗಡಿಯಿಂದ ಅವನ ಶವದ ಪೆಟ್ಟಿಗೆ ಬಂದ ದಿನ ಅವಳು ಅದನ್ನು ಸವರಿದಳು, ಅಳಲಿಲ್ಲ. ನೀವೂ ನೋಡಿದಿರಿ. ಈಗ ದಿನಾ ಸಂಜೆ ಅದೇ ಸಿನಿಮಾ ಹಚ್ಚುತ್ತಾಳೆ. ಸಿಪಾಯಿ ಎದ್ದ ಕೂಡಲೇ ಅವನನ್ನು ತೋರಿಸಿ, ಹುಲಗೇಶನ ಫೋಟೊ ತೋರಿಸಿ, ನನ್ನ ಕಡೆ ಅಂಗೈ ತಿರುವುತ್ತಾಳೆ. ನಮ್ಮವನು ಯಾಕೆ ಏಳಲಿಲ್ಲ ಅಂತ.

ಇಷ್ಟು ವರ್ಷ ಅವಳೊಡನೆ ಬಾಳಿದರೂ ನನಗೆ ಬರುವ ಕೈಸನ್ನೆ ಊಟ, ನೀರು, ಬಾಗಿಲು ಹಾಕು ಅನ್ನುವಷ್ಟೇ. ಚಿಕ್ಕಂದಿನಲ್ಲಿ ನೀವಿಬ್ಬರೂ ಕಟ್ಟಿಕೊಂಡ ಸನ್ನೆಗಳಲ್ಲಿ ಇದಕ್ಕೆ ಉತ್ತರವಿದ್ದರೆ ಬಂದು ಹೇಳಿರಿ. ಅವನ ಪಾಲಿನ ರೊಟ್ಟಿ ತೆಗೆದಿಟ್ಟು ಕಾಯುತ್ತಾಳೆ, ತಾನು ಉಣ್ಣುವುದಿಲ್ಲ.

ಬರುವಾಗ ರೊಟ್ಟಿಗೆ ಹಚ್ಚಿಕೊಳ್ಳಲು ನಿಮ್ಮ ಕೈಯ ಶೇಂಗಾ ಹಿಂಡಿ ತನ್ನಿರಿ. ಯಾವ ಬಸ್ಸೆಂದು ಬೇಗ ಬರೆಯಿರಿ. ಅವಳಿಗೆ ಓದಲು ಬರುವುದು ನಿಮ್ಮ ಹೆಸರೊಂದೇ. ಅದನ್ನು ದೊಡ್ಡದಾಗಿ ಬರೆಯಿರಿ.

ನಿಮ್ಮ
ಚಂದ್ರಾಮ