ಹಿಂದಿನ ಮನೆ ಖಾಲಿ ಮಾಡಿಸಿದ ಬಗೆ

ಕ್ಯಾತ್ಸಂದ್ರ
17-2-2008, ಭಾನುವಾರ

ಪ್ರೀತಿಯ ತ್ರಿವೇಣಿ,

ಮೇಲೆ ಕ್ಯಾತ್ಸಂದ್ರ ಎಂದು ಬರೆದಿರುವುದನ್ನು ನೋಡಿ, ತುಮಕೂರಿನಲ್ಲಿ ಸ್ವಂತ ಮನೆಯಿರುವ ಉಮಕ್ಕ ಇಲ್ಲೇನು ಮಾಡುತ್ತಿದ್ದಾಳೆ ಎಂದುಕೊಳ್ಳುತ್ತೀಯ. ಅದನ್ನೂ ಹೇಳುತ್ತೇನೆ. ನಿನ್ನ ವಿಳಾಸ ಕೊಟ್ಟವರು ನಿಮ್ಮ ಕಾಲೇಜಿನ ಅಟೆಂಡರ್ ಮಹಾದೇವಯ್ಯ. ಹೋದ ವರ್ಷ ಎರಡು ಸಲ ಕೇಳಿದ್ದೆ, ಕೊಟ್ಟಿರಲಿಲ್ಲ. ‘ಯಾಕಮ್ಮ, ಆ ಊರ್ಗೂ ಒಂದು ಅರ್ಜಿ ಕಳಿಸ್ಬೇಕಾ’ ಅಂದಿದ್ದರು. ಹೋದ ವಾರ ಅವರಾಗಿಯೇ ಒಂದು ಚೀಟಿಯಲ್ಲಿ ಗುಬ್ಬಿಯ ವಿಳಾಸ ಬರೆದು ನನ್ನ ಕೈಗಿಟ್ಟರು. ಅದಕ್ಕೆ ಕಾರಣವಿದೆ.

ಎರಡು ವರ್ಷದ ಹಿಂದೆ ನೀನೂ ನಿನ್ನ ತಾಯಿ ರಂಗಲಕ್ಷ್ಮಮ್ಮನವರೂ ನಮ್ಮ ವಠಾರದ ಹಿಂದಿನ ಮನೆ ಬಿಟ್ಟು ಹೊರಟ ದಿನ ಅವರು ನನ್ನನ್ನು ಒಂದು ಮಾತು ಕೇಳಿದರು. ನೀನು ಪಾತ್ರೆಯ ಮೂಟೆ ತರಲು ಒಳಗೆ ಹೋಗಿದ್ದೆ. ನಾನು ಲಗೇಜ್ ಆಟೋದಲ್ಲಿ ಅವರನ್ನು ಕೂರಿಸಿ, ಅವರ ಸ್ವಾಧೀನವಿಲ್ಲದ ಎಡಗೈಯನ್ನು ಎತ್ತಿ ತೊಡೆಯ ಮೇಲಿಡುತ್ತಿದ್ದೆ. ‘ಆ ಅರ್ಜಿಗೆ ನೀನೂ ಸೈನ್ ಹಾಕಿದ್ದೀಯೇನೇ ಉಮಾ’ ಅಂದರು. ‘ನಾನ್ಯಾಕೆ ಹಾಕ್ಲಿ ರಂಗಲಕ್ಷ್ಮಮ್ಮ’ ಅಂದೆ.

ಹಾಕಿದ್ದೆ. ಮೂರನೆಯ ಸಹಿ ನನ್ನದು.

ಇನ್ನು ಮುಂದೆ ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಬೇಸರಪಟ್ಟುಕೊಳ್ಳಬೇಡ. ಈ ಪತ್ರವನ್ನು ನೀನು ಲಾಯರಿಗೋ ಬೇರೆ ಯಾರಿಗೋ ತೋರಿಸಬೇಕಾಗಿ ಬಂದರೆ ಓದಿದವರಿಗೆ ಎಲ್ಲಾ ತಿಳಿಯಬೇಕು.

ನೀನು ಕುಣಿಗಲ್ ಕಡೆಯಿಂದ ಬಿ.ಎಸ್ಸಿ. ಓದಲು ಬಂದು ನಮ್ಮ ಹಿಂದಿನ ಮನೆ ಹಿಡಿದದ್ದು ತೊಂಬತ್ತನಾಲ್ಕರಲ್ಲಿ. ಆಮೇಲೆ ಎಂ.ಎಸ್ಸಿ. ಮಾಡಿದೆ, ನೀನು ಓದಿದ ಕಾಲೇಜಿನಲ್ಲೇ ಗಣಿತದ ಪಾರ್ಟ್‌ಟೈಮ್ ಲೆಕ್ಚರರ್ ಆದೆ, ತಾಯಿಗೆ ಲಕ್ವ ಹೊಡೆದ ಮೇಲೆ ಅವರನ್ನೂ ಕರೆದುಕೊಂಡು ಬಂದೆ. ಸಂಜೆ ಹೊತ್ತು ಲೆಕ್ಕ ಬಾರದ ಹುಡುಗರು ನಾಲ್ಕೈದು ಜನ ನಿನ್ನ ಮನೆಗೆ ಬರುತ್ತಿದ್ದರು. ಹಳ್ಳಿ ಹುಡುಗರು, ಬಾಗಿಲ ಹೊರಗೆ ಚಪ್ಪಲಿಯನ್ನು ಸಾಲಾಗಿ ಬಿಟ್ಟು ಒಳಗೆ ಹೋಗುತ್ತಿದ್ದರು. ನೀನು ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ನಾನು ಎಷ್ಟೋ ಸಲ ಅವರಿಗೆ ಕಾಫಿ ಮಾಡಿಕೊಟ್ಟಿದ್ದೇನೆ. ನನ್ನ ಮಗಳು ಅನುಪಮಾ ಪಿ.ಯು.ಸಿ. ದಾಟಿದ್ದೂ ನಿನ್ನಿಂದಲೇ.

ಹನ್ನೊಂದು ವರ್ಷದಲ್ಲಿ ಒಂದು ದಿನವೂ ನಿನ್ನ ಬಗ್ಗೆ ಕೆಟ್ಟ ಮಾತು ಕೇಳಿದವಳಲ್ಲ ನಾನು. ಇದನ್ನು ಎಲ್ಲಿ ಬೇಕಾದರೂ ನಿಂತು ಹೇಳುತ್ತೇನೆ.

ಎರಡು ಸಾವಿರದ ನಾಲ್ಕರಲ್ಲಿ ಊರಿಗೆ ಯೂನಿವರ್ಸಿಟಿ ಬಂತಲ್ಲ, ನಮ್ಮ ಬೀದಿಗೆ ಬುದ್ಧಿ ಕೆಟ್ಟಿತು. ಮೂಲೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದ ಗುಂಡಯ್ಯ ಜೆರಾಕ್ಸ್ ಮಿಷನ್ನನ್ನು ಹಿಂದಕ್ಕೆ ತಳ್ಳಿ ಮುಂದೆ ಎರಡು ಕುರ್ಚಿ ಹಾಕಿದ. ಸೈಟು, ಮನೆ, ಪಿ.ಜಿ., ಎಲ್ಲಕ್ಕೂ ಅವನೇ. ಬೀದಿಯವರು ಕಾಂಪೌಂಡು ಒಡೆದರು, ಸಂಪಿನ ಮೇಲೆ ಗೋಡೆ ಎಬ್ಬಿಸಿದರು, ಕಾರ್ ಷೆಡ್ಡಿಗೆ ಬಾಗಿಲಿಟ್ಟು ಹುಡುಗರನ್ನು ತುಂಬಿದರು. ಎದುರು ಮನೆಯವರು ಸ್ವಂತ ತಾಯಿಯ ಮಂಚವನ್ನು ಹಜಾರಕ್ಕೆ ಎಳೆದು ಆಕೆಯ ಕೋಣೆಯನ್ನು ಮೂವರು ಡಿಪ್ಲೊಮಾ ಹುಡುಗರಿಗೆ ಕೊಟ್ಟರು. ನನ್ನ ಯಜಮಾನರು ದಿನಾ ಸಂಜೆ ಬೀದಿಯ ಉದ್ದಕ್ಕೂ ನಡೆದು ಯಾರದು ಎಷ್ಟು ಮಹಡಿ ಎಂದು ಎಣಿಸಿಕೊಂಡು ಬರುತ್ತಿದ್ದರು. ಕೊನೆಗೆ ನಮ್ಮ ವಠಾರವನ್ನೂ ಖಾಲಿ ಮಾಡಿಸಿ, ಮೇಲೆ ಮಹಡಿ ಎಬ್ಬಿಸಿ ಪಿ.ಜಿ. ಮಾಡುವುದು ಎಂದರು. ಇವರ ಬಗ್ಗೆ, ಚನ್ನವೀರಯ್ಯನವರು ಎಂಥ ಸಾತ್ವಿಕರು ಎಂದು ನೀನೇ ಹೇಳುತ್ತಿದ್ದೆ. ಬೆಳಿಗ್ಗೆ ಲಿಂಗಪೂಜೆ ಆಗದೆ ಒಂದು ಗುಟುಕು ನೀರು ಕುಡಿಯದ ಮನುಷ್ಯ, ನಿನ್ನ ನಲ್ಲಿಗೆ ಬರುವ ನೀರನ್ನು ನಿಲ್ಲಿಸಿ ಮೋಟರ್ ಸುಟ್ಟುಹೋಗಿದೆ ಅಂದರು. ಮೋಟರ್ ಸುಟ್ಟಿರಲಿಲ್ಲ. ನೀನು ಬೀದಿ ನಲ್ಲಿಯಿಂದ ಕೊಡ ಹೊರುವಾಗ ನಾನು ಕದ್ದು ಎರಡು ಬಿಂದಿಗೆ ಕೊಡುತ್ತಿದ್ದೆ. ಕೊಟ್ಟು, ನಾನೆಷ್ಟು ಒಳ್ಳೆಯವಳು ಎಂದುಕೊಳ್ಳುತ್ತಿದ್ದೆ. ಅದನ್ನು ನೆನೆದರೆ ಈಗ ಮೈ ಪರಚಿಕೊಳ್ಳುವ ಹಾಗಾಗುತ್ತದೆ.

ವಠಾರದ ಉಳಿದ ಎರಡು ಸಂಸಾರ ಅಡ್ವಾನ್ಸ್ ವಾಪಸ್ ತೆಗೆದುಕೊಂಡು ಹೋದವು. ನೀನು ಮಾತ್ರ, ಏಪ್ರಿಲ್‌ವರೆಗೆ ಬಿಡಿ, ಪರೀಕ್ಷೆ ಮುಗಿಯಲಿ, ಅಮ್ಮ ನಾಲ್ಕು ಹೆಜ್ಜೆ ನಡೆಯುವ ಹಾಗಾಗಲಿ ಎಂದು ಕೇಳಿದೆ. ಅದೇನು ದೊಡ್ಡದಲ್ಲ. ಆದರೆ ಹನ್ನೊಂದು ವರ್ಷದ ಬಾಡಿಗೆ ರಸೀದಿಗಳನ್ನು ಫೈಲಿನಲ್ಲಿ ಹೊಲಿದು ಇಟ್ಟುಕೊಂಡಿದ್ದೀಯ ಎಂದು ತಿಳಿದಾಗ ಇವರಿಗೆ ಸಿಟ್ಟು ಬಂತು. ‘ರಸೀದಿ ಇಟ್ಕೊಂಡವ್ಳೆ ನೋಡು’ ಅಂದರು, ನೀನು ನಮ್ಮ ಬೀರುವಿನಿಂದ ಏನೋ ಕದ್ದವಳ ಹಾಗೆ.

ಆಗ ಗುಂಡಯ್ಯ ಬಂದ. ನಮ್ಮ ಹಜಾರದಲ್ಲಿ ಕೂತು ನಾನು ಕೊಟ್ಟ ಉಪ್ಪಿಟ್ಟು ತಿನ್ನುತ್ತಾ, ‘ಕೋರ್ಟು ಗೀರ್ಟು ಅಂದ್ರೆ ಹತ್ತು ವರ್ಷ ಸಾರ್. ಹೆಂಗಸು ಮನೆ ಬಿಡಲ್ಲ ಅಂದ್ರೆ ಅಷ್ಟೆಲ್ಲ ಯಾಕೆ. ಕಾಲೇಜಿಗೆ ಒಂದು ಅರ್ಜಿ ಹಾಕಿ, ತಾನಾಗೇ ಹೋಯ್ತಾಳೆ’ ಅಂದ. ಹುಡುಗರು ನಿನ್ನ ಮನೆಗೆ ಬರುವ ವಿಷಯ ಅವನಿಗೆ ಹೇಗೋ ಗೊತ್ತಿತ್ತು. ಬೀದಿಗೆಲ್ಲ ಗೊತ್ತಿದ್ದದ್ದೇ. ಮಾರನೆಯ ದಿನ ಟೈಪ್ ಮಾಡಿಸಿಕೊಂಡು ತಂದ. ‘ಸದರಿ ಉಪನ್ಯಾಸಕಿಯವರ ಮನೆಗೆ ಅವೇಳೆಯಲ್ಲಿ ಗಂಡುಹುಡುಗರು ಬಂದು ಹೋಗುತ್ತಿದ್ದು, ಸಂಸಾರಸ್ಥರಾದ ನಮಗೆ ಮುಜುಗರವಾಗಿರುತ್ತದೆ.’ ಇವರು ಸಹಿ ಮಾಡಿದರು, ಅವನು ಮಾಡಿದ. ‘ಒಬ್ರು ಲೇಡೀಸ್ದು ಇದ್ರೆ ಗಟ್ಟಿ’ ಅಂತ ಪೆನ್ನನ್ನು ನನ್ನ ಕಡೆ ಚಾಚಿದ. ಕೈಗೆ ಎಣ್ಣೆಯಾಗಿತ್ತು. ಸೆರಗಿಗೆ ಒರೆಸಿಕೊಂಡು ಸಹಿ ಮಾಡಿದೆ.

ಮುಂದಿನದನ್ನು ನೀನು ಅನುಭವಿಸಿದ್ದೀಯ. ಪ್ರಿನ್ಸಿಪಾಲರು ಕರೆದು ಏನು ಕೇಳಿದರೋ, ನೀನು ಏನು ಹೇಳಿದೆಯೋ, ನಾನು ಕೇಳಲಿಲ್ಲ. ಜೂನ್‌ನಿಂದ ನಿನ್ನನ್ನು ಮತ್ತೆ ತೆಗೆದುಕೊಳ್ಳುವುದಿಲ್ಲ ಎಂದಾಯಿತು. ನೀನು ಮೇನಲ್ಲೇ ಮನೆ ಬಿಟ್ಟೆ. ಸಂಜೆ ಬರುತ್ತಿದ್ದ ಹುಡುಗರಲ್ಲಿ ಇಬ್ಬರು ಬಂದು ಸಾಮಾನು ಹೊತ್ತರು. ಅವರು ನನ್ನ ಮುಖ ನೋಡಲಿಲ್ಲ.

ಈಗ ಅಲ್ಲಿ ಮೂರು ಮಹಡಿಯ ಲೇಡೀಸ್ ಪಿ.ಜಿ. ಇದೆ. ನೀನು ಮಲಗುತ್ತಿದ್ದ ಕೋಣೆಯನ್ನು ಪ್ಲೈವುಡ್ಡಿನಲ್ಲಿ ಎರಡು ಮಾಡಿದ್ದಾರೆ. ಒಂದರಲ್ಲಿ ನಾಲ್ಕು, ಇನ್ನೊಂದರಲ್ಲಿ ಮೂರು ಹುಡುಗಿಯರು, ಒಬ್ಬರ ಮೇಲೊಬ್ಬರು ಮಲಗುವ ಕಬ್ಬಿಣದ ಮಂಚ. ಒಟ್ಟು ನಲವತ್ತು ಜನಕ್ಕೆ ನಾಲ್ಕು ಕಕ್ಕಸು. ಅದರಲ್ಲಿ ಒಂದು ಸದಾ ಕಟ್ಟಿಕೊಂಡಿರುತ್ತದೆ. ಅಡುಗೆಯವಳು ಬಿಟ್ಟುಹೋದ ಮೇಲೆ ನಾನೇ ಬೇಯಿಸುತ್ತಿದ್ದೆ. ಉಳಿದ ಅನ್ನವನ್ನು ಬೆಳಿಗ್ಗೆ ಚಿತ್ರಾನ್ನ ಮಾಡು, ಅದೂ ಉಳಿದರೆ ರುಬ್ಬಿ ದೋಸೆಗೆ ಹಾಕು ಎಂದು ಇವರ ಅಪ್ಪಣೆ. ಹುಳಿ ವಾಸನೆ ಹೊಡೆಯುವ ದೋಸೆಯನ್ನು ಆ ಮಕ್ಕಳು ಮೂಗು ಮುಚ್ಚಿ ನುಂಗಿ ಕಾಲೇಜಿಗೆ ಓಡುತ್ತಿದ್ದರು. ಹೋದ ನವೆಂಬರಿನಲ್ಲಿ ಕಕ್ಕಸಿನ ಪಿಟ್ಟು ತುಂಬಿ ಹಿತ್ತಲಿನಲ್ಲಿ ಹೊಲಸು ಹರಿಯಿತು. ಟ್ಯಾಂಕರ್ ಕರೆಸಿ ಎಂದರೆ ಮುಂದಿನ ತಿಂಗಳು ಅಂದರು. ಹೊಲಸು ದೇವರ ಮನೆಯ ಕಿಟಕಿಯ ಕೆಳಗೇ ನಿಂತಿತ್ತು. ಇವರು ಊದಿನಕಡ್ಡಿ ಎರಡು ಹೆಚ್ಚು ಹಚ್ಚಿಟ್ಟು ಪೂಜೆಗೆ ಕೂತರು. ಹಿಂದೆ ನಿಂತು ಆ ವಿಭೂತಿ ಬಳಿದ ಬೆನ್ನನ್ನು ನೋಡಿದೆ. ಮೂವತ್ತು ವರ್ಷ ಸಂಸಾರ ಮಾಡಿದ ಮನುಷ್ಯನ ಬೆನ್ನು.

ಬೆಳ್ಳಾವಿಯ ಕಡೆಯ ಕೃತಿಕಾ ಎಂಬ ಹುಡುಗಿ ನಿನ್ನ ಕೋಣೆಯಲ್ಲೇ ಇದ್ದಳು. ನಿಮ್ಮ ಕಾಲೇಜಿನಲ್ಲಿ ಬಿ.ಕಾಂ. ಎರಡನೇ ವರ್ಷ, ಮಾತು ಕಡಿಮೆ. ಅವಳು ಒಂದು ಹಾಳೆಯಲ್ಲಿ ಕಕ್ಕಸು, ನೀರು, ಪಿಟ್ಟಿನ ವಿಷಯ ಬರೆದು, ಇಪ್ಪತ್ತೆರಡು ಹುಡುಗಿಯರ ಸಹಿ ಹಾಕಿಸಿ ನಗರಸಭೆಗೆ ಕೊಟ್ಟುಬಂದಳು. ಇಬ್ಬರು ಬಂದರು, ಹಿತ್ತಲಿಗೆ ಕಾಲಿಡದೆ ಹಜಾರದಲ್ಲಿ ಕೂತು ಕಾಫಿ ಕುಡಿದು ಹೋದರು. ಆ ಕಾಫಿ ಮಾಡಿದ್ದೂ ನಾನೇ.

ಜನವರಿಯಲ್ಲಿ ಇವರೂ ಗುಂಡಯ್ಯನೂ ಒಂದು ಕಾಗದ ತಂದು ನನ್ನ ಮುಂದಿಟ್ಟರು. ಸೈನ್ ಹಾಕು ಅಂದರು. ಓದಿದೆ. ಅದು ನಿನ್ನ ಮೇಲೆ ಕೊಟ್ಟ ಅರ್ಜಿಯೇ, ತ್ರಿವೇಣಿ. ಹೊಸದಾಗಿ ಟೈಪ್ ಮಾಡಿಸುವ ಕಷ್ಟವನ್ನೂ ಪಟ್ಟಿರಲಿಲ್ಲ. ನಿನ್ನ ಹೆಸರಿದ್ದ ಕಡೆ ಬಿಳಿ ಬಣ್ಣ ಹಚ್ಚಿ, ಮೇಲೆ ಕೃತಿಕಾ ಎಂದು ಪೆನ್ನಿನಲ್ಲಿ ಬರೆದು, ಗುಂಡಯ್ಯ ತನ್ನ ಹಳೇ ಮಿಷನ್ನಿನಲ್ಲಿ ಜೆರಾಕ್ಸ್ ತೆಗೆದಿದ್ದ. ಒಂದು ಕಡೆ ಅಳಿಸಲು ಮರೆತು ‘ಸದರಿ ಉಪನ್ಯಾಸಕಿಯವರ’ ಎಂದು ಹಾಗೇ ಉಳಿದುಕೊಂಡಿತ್ತು. ಹತ್ತೊಂಬತ್ತು ವರ್ಷದ ಹುಡುಗಿ ಉಪನ್ಯಾಸಕಿ. ನಾನು ಅದನ್ನು ತೋರಿಸಿದೆ. ‘ಯಾರು ಓದ್ತಾರೆ ಬುಡಿ ಅಮ್ಮ, ವಿಷ್ಯ ಗೊತ್ತಾದ್ರೆ ಸಾಕು’ ಅಂದ ಗುಂಡಯ್ಯ. ಇವರು ನಕ್ಕರು.

ಆ ನಗು ನೋಡಿದ ಮೇಲೆ ನನ್ನಿಂದ ಆಗಲಿಲ್ಲ. ಕಾಗದ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಆಮೇಲೆ ಹಾಕುತ್ತೇನೆ, ಒಲೆಯ ಮೇಲೆ ಸಾರಿದೆ ಎಂದು ಒಳಗೆ ಹೋದೆ. ಮಾರನೆಯ ಬೆಳಿಗ್ಗೆ ಕೃತಿಕಾಳನ್ನು ಕರೆದುಕೊಂಡು ಕಾಲೇಜಿಗೆ ಹೋದೆ. ದಾರಿಯಲ್ಲಿ ಅವಳಿಗೆ ಎಲ್ಲಾ ಹೇಳಿದೆ, ನಿನ್ನ ವಿಷಯವನ್ನೂ. ಹುಡುಗಿ ‘ಆ ಮೇಡಮ್‌ಗೆ ಈಗ ಕೆಲ್ಸ ಇದೆಯಾ ಆಂಟಿ’ ಅಂತ ಕೇಳಿದಳು. ಗೊತ್ತಿಲ್ಲ ಅಂದೆ.

ಪ್ರಿನ್ಸಿಪಾಲರು ಅದೇ ಮನುಷ್ಯ. ಈಗ ತಂದ ಕಾಗದ ಸುಳ್ಳು, ಎರಡು ವರ್ಷದ ಹಿಂದೆ ತ್ರಿವೇಣಿಯ ಮೇಲೆ ಕೊಟ್ಟದ್ದೂ ಸುಳ್ಳು, ಮನೆ ಖಾಲಿ ಮಾಡಿಸಲು ಕೊಟ್ಟದ್ದು ಎಂದೆ. ‘ಹಳೇದೆಲ್ಲ ಈಗ್ಯಾಕೆ ತಾಯಿ, ಮನೆಗೆ ಹೋಗಿ’ ಅಂದರು. ನಾನು ಅಲ್ಲೇ ಬೆಂಚಿನ ಮೇಲೆ ಕೂತು ನನ್ನ ಕೈಯಾರೆ ಎರಡು ಪ್ರತಿ ಬರೆದೆ. ತೆಗೆದುಕೊಂಡಿದ್ದಕ್ಕೆ ಸೀಲು ಹಾಕಿಕೊಡಿ ಎಂದರೆ ಗುಮಾಸ್ತ ಊಟಕ್ಕೆ ಎದ್ದುಹೋದ. ಮೂರು ಗಂಟೆಯವರೆಗೆ ಕೂತಿದ್ದೆವು. ಕೊನೆಗೆ ಮಹಾದೇವಯ್ಯನವರು ಒಳಗೆ ಹೋಗಿ ಏನು ಹೇಳಿದರೋ, ಸೀಲು ಬಿತ್ತು.

ಇವರಿಗೆ ಸಂಜೆಯೇ ಗೊತ್ತಾಯಿತು. ಕೂಗಾಡಲಿಲ್ಲ. ಊಟ ಮಾಡಿ ಕೈ ತೊಳೆದು, ‘ನಾಳೆ ಹೋಗಿ ಬರ್ಕೊಟ್ಟಿದ್ದನ್ನ ವಾಪಸ್ ತಗೊಂಡ್ ಬಾ. ಇಲ್ದಿದ್ರೆ ನಿನ್ನ ದಾರಿ ನೀನು ನೋಡ್ಕೊ. ಮನೆ ಯಾರ ಹೆಸರಲ್ಲಿದೆ ಅಂತ ಗೊತ್ತಲ್ಲ’ ಅಂದರು. ಗೊತ್ತಿತ್ತು. ಒಂದು ಸೂಟ್‌ಕೇಸು ತೆಗೆದುಕೊಂಡು ಬಂದೆ.

ಐವತ್ತಮೂರು ವರ್ಷದವಳು ಒಬ್ಬಳೇ ಕೋಣೆ ಹುಡುಕುವುದು ಎಂದರೇನು ಎಂದು ಕ್ಯಾತ್ಸಂದ್ರದಲ್ಲಿ ಕಲಿತೆ. ಒಬ್ಬರು ಯಜಮಾನರು ಎಲ್ಲಿ ಅಂದರು. ಇನ್ನೊಬ್ಬಾಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ನಿಮ್ಮನೆಗೆ ಯಾರ್ಯಾರು ಬರ್ತಾರೆ’ ಎಂದು ಕೇಳಿದಳು. ಹೈವೇ ಪಕ್ಕ ಇಡ್ಲಿ ಹೋಟೆಲು ಇಟ್ಟಿರುವ ತಿಪ್ಪಮ್ಮ ಮಾತ್ರ, ‘ಚಟ್ನಿ ರುಬ್ಬಕ್ಕೆ ಬತ್ತದಾ’ ಎಂದಷ್ಟೇ ಕೇಳಿ ಹಿಂದಿನ ಕೋಣೆ ಕೊಟ್ಟಳು. ಅಲ್ಲೇ ಕೆಲಸ ಮಾಡಿಕೊಂಡಿದ್ದೇನೆ. ಅನುಪಮಾ ಫೋನ್ ಮಾಡಿ, ಅಪ್ಪನ ಕಾಲಿಗೆ ಬಿದ್ದು ಒಳಗೆ ಹೋಗು, ನನ್ನ ಗಂಡನ ಮನೆಯವರ ಮುಂದೆ ತಲೆ ಎತ್ತಲಾಗದ ಹಾಗಾಗಿದೆ ಅಂದಳು. ನಿನಗೆ ಲೆಕ್ಕ ಹೇಳಿಕೊಟ್ಟವಳ ತಲೆ ಏನಾಯಿತು ಎಂದು ಕೇಳಿದೆ. ಫೋನ್ ಇಟ್ಟಳು.

ಕೃತಿಕಾಳ ಅಪ್ಪ ಈ ಸುದ್ದಿ ಕೇಳಿ ಅವಳ ಓದು ಬಿಡಿಸಲು ಬಂದಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಅವರನ್ನು ಕಂಡು ನಡೆದದ್ದು ಹೇಳಿದೆ. ಈಗ ಊರಿನಿಂದ ಬಸ್ಸಿನಲ್ಲಿ ಓಡಾಡಿಕೊಂಡು ಓದುತ್ತಿದ್ದಾಳೆ. ಅವಳ ಜೊತೆ ಇನ್ನೂ ಹತ್ತು ಹುಡುಗಿಯರು ಪಿ.ಜಿ. ಬಿಟ್ಟರು. ಇದರಿಂದ ಏನೋ ಆಗುತ್ತದೆ ಅಂದುಕೊಂಡಿದ್ದೆ. ಹದಿನೈದು ದಿನದಲ್ಲಿ ಹನ್ನೊಂದು ಮಂಚವೂ ತುಂಬಿತಂತೆ. ಪಿಟ್ಟು ಹಾಗೇ ಇದೆಯಂತೆ.

ಕಾಲೇಜಿನವರು ನಿನಗೆ ಅನುಭವದ ಸರ್ಟಿಫಿಕೇಟು ಕೊಡಲಿಲ್ಲ, ಅದಿಲ್ಲದೆ ಗುಬ್ಬಿಯಲ್ಲಿ ಮನೆಪಾಠ ಹೇಳಿಕೊಂಡಿದ್ದೀಯ ಎಂದು ಮಹಾದೇವಯ್ಯ ಹೇಳಿದರು. ಸೀಲು ಹಾಕಿದ ಪ್ರತಿಯನ್ನೂ ಆ ಬಿಳಿ ಬಣ್ಣ ಹಚ್ಚಿದ ಜೆರಾಕ್ಸನ್ನೂ ಇದರ ಜೊತೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಎಲ್ಲಿಗೆ ಬಂದು ಹೇಳು ಅಂದರೂ ಬಂದು ಹೇಳುತ್ತೇನೆ. ರಂಗಲಕ್ಷ್ಮಮ್ಮನವರಿಗೆ ಈ ಪತ್ರ ಓದಿ ಹೇಳು. ನನ್ನನ್ನು ಕ್ಷಮಿಸು ಎಂದು ಕೇಳಲು ಬರೆದದ್ದಲ್ಲ ಇದು. ನೀನು ಕ್ಷಮಿಸಿದರೆ ನನಗೆ ಇನ್ನೂ ಹೇಸಿಗೆಯಾಗುತ್ತದೆ.

ಉತ್ತರ ಕೇಳುವ ಹಕ್ಕಿಲ್ಲದ
ಉಮಾಮಹೇಶ್ವರಿ

ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು: ಹುಡುಗರು ನಿನ್ನ ಮನೆಗೆ ಬರುವುದು ಗುಂಡಯ್ಯನಿಗೆ ಹೇಗೋ ಗೊತ್ತಿತ್ತು ಎಂದು ಮೇಲೆ ಬರೆದೆನಲ್ಲ, ಹೇಳಿದವಳು ನಾನು. ಅವನು ಕೇಳಿರಲಿಲ್ಲ. ಗೇಟಿನ ಹತ್ತಿರ ನಿಂತು, ಆಕೆಯನ್ನು ಹೇಗೆ ಕಳಿಸುವುದೋ ತಿಳಿಯುತ್ತಿಲ್ಲ ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದ. ನಾನು ಮೊರದಲ್ಲಿ ಅಕ್ಕಿ ಆರಿಸುತ್ತಾ, ‘ದಿನಾ ಸಂಜೆ ಹುಡುಗ್ರು ಬರ್ತಾವಲ್ಲ, ಕಾಲೇಜಿನೋರಿಗೆ ಗೊತ್ತಾ ಅದು’ ಅಂದೆ. ಹೊಸ ಕಟ್ಟಡದ ಪ್ಲಾನಿನಲ್ಲಿ ಒಳಗೇ ಬಚ್ಚಲಿರುವ ಕೋಣೆಯೊಂದನ್ನು ಇವರು ನನಗೆಂದು ಬರೆಸಿದ್ದರು. ಅದು ನಿನ್ನ ಅಡುಗೆಮನೆ ಇದ್ದ ಜಾಗದಲ್ಲಿ ಬರುವುದಿತ್ತು. ಅಕ್ಕಿ ಆರಿಸುವುದನ್ನು ನಾನು ನಿಲ್ಲಿಸಲಿಲ್ಲ.